ಬಾಗಿಲು ತೆರೆದಿಟ್ಟವರು

ನಮ್ಮ ಕನ್ನಡ ಶಾಲೆ ನಡೆಯುವುದು ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಎಂಬುದು ಕೂಟದ ಸದಸ್ಯರೆಲ್ಲರಿಗೂ ತಿಳಿದ ಸಂಗತಿ. ಸಭಾಂಗಣವನ್ನು ಬಾಡಿಗೆಗೆ ಹಿಡಿಯುವ ಶಕ್ತಿ ನಮಗಿಲ್ಲದಿದ್ದ ದಿನಗಳಲ್ಲಿ, ನಾವು ಯಾವ ದೇವರ ಭಕ್ತರೆಂದು ಸಹ ವಿಚಾರಿಸದೆ ಬೀಗದ ಕೈಯನ್ನು ನಮಗೆ ಒಪ್ಪಿಸಿದವರು ಆ ಸಭೆಯ ಹಿರಿಯರು. ಹಿಮ ಬಿದ್ದ ಶನಿವಾರಗಳಂದು ನಾವು ಹೋಗುವಷ್ಟರಲ್ಲಿ, ಎಂಬತ್ತರ ಸಮೀಪಕ್ಕೆ ಬಂದಿರುವ ಅಲ್ಲಿಯ ಮೇಲ್ವಿಚಾರಕರು ಮೆಟ್ಟಿಲುಗಳಿಗೆ ಉಪ್ಪು ಚೆಲ್ಲಿ, ಹೀಟರು ಹಾಕಿ, ಮಕ್ಕಳಿಗಾಗಿ ಮಡಚು ಕುರ್ಚಿಗಳನ್ನು ಸಾಲಾಗಿ ಬಿಡಿಸಿಟ್ಟಿರುತ್ತಾರೆ. ಕೊಠಡಿಗೆ ಹೋಗುವ ಹಾದಿಯ ಗೋಡೆಗೆ ಒಂದು ಕಪಾಟು; ಅದರಲ್ಲಿ ಬೀನ್ಸ್ ಡಬ್ಬಿಗಳು, ಅಕ್ಕಿಯ ಪೊಟ್ಟಣಗಳು, ಹಸುಗೂಸುಗಳ ಡೈಪರುಗಳು; ಬೇಕಾದವರು ಯಾರನ್ನೂ ಕೇಳದೆ ಒಯ್ಯಬಹುದೆಂಬ ಕೈಬರಹದ ಒಂದು ಚೀಟಿ.

ಅಮೆರಿಕದ ಕ್ರೈಸ್ತಧರ್ಮವೆಂದೊಡನೆ ಚುನಾವಣೆಯ ವೇದಿಕೆಯನ್ನೂ ಟೆಲಿವಿಷನ್ ಬೋಧಕರ ಉಚ್ಚಕಂಠವನ್ನೂ ನೆನೆಯುವುದು ನಮ್ಮವರಲ್ಲಿ ರೂಢಿಯಾಗಿದೆ. ಅವು ಸುಳ್ಳೆಂದು ಹೇಳಲಾರೆವು. ಆದರೆ ಯಾವ ಧರ್ಮದ ನೀತಿಯನ್ನಾದರೂ ಪರೀಕ್ಷಿಸಲು ತಕ್ಕ ಸ್ಥಳ ಅದರ ಹೊಸಿಲು ಎಂಬುದು ನಮ್ಮ ನಂಬಿಕೆ. ಗುರುತಿಲ್ಲದವನೊಬ್ಬನು ಬಂದು ನಿಂತಾಗ ಬಾಗಿಲು ತೆರೆಯುವುದೋ ಮುಚ್ಚುವುದೋ ಎಂಬುದರಲ್ಲಿ ಬೋಧೆಯ ಸತ್ತ್ವವೆಲ್ಲ ಬಯಲಾಗುತ್ತದೆ.

ಹಾಗೆ ತೆರೆದ ಬಾಗಿಲಿಗೆ ಎಷ್ಟು ಬೆಲೆ ತೆರಬೇಕಾದೀತೆಂಬುದನ್ನು ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್ ನಗರದ ಇಮ್ಯಾನುಯೆಲ್ ಚರ್ಚು ಬಲ್ಲದು. ಬಿಳಿಯರ ಸಭೆಗಳಲ್ಲಿ ಅವಮಾನ ಸಹಿಸಲಾರದೆ ಹೊರಬಂದ ಕರಿಯರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಸಭೆಯದು. 1822ರಲ್ಲಿ, ಗುಲಾಮರ ದಂಗೆಯ ಸಂಚು ಹೊರಬಿದ್ದ ಮೇಲೆ, ಅದರ ಮಂದಿರ ನಾಶವಾಯಿತು. 1834ರಿಂದ ಅಂತರ್ಯುದ್ಧ ಮುಗಿಯುವವರೆಗೆ ಅದರ ಜನ ಗುಪ್ತವಾಗಿ ಪ್ರಾರ್ಥಿಸಿದರು. ಅಂತಹ ಚರ್ಚಿನ ಕೆಳಗಣ ಕೊಠಡಿಗೆ 2015ರ ಜೂನ್ 17ರ ಬುಧವಾರ ರಾತ್ರಿ 21 ವರ್ಷದ ಬಿಳಿಯ ಯುವಕನೊಬ್ಬನು ಬಂದಾಗ, ಬೈಬಲ್ ಅಧ್ಯಯನಕ್ಕೆ ಕುಳಿತಿದ್ದವರು ಅವನಿಗೆ ಸಭಾಪಾಲಕರ ಪಕ್ಕದಲ್ಲಿಯೇ ಸ್ಥಳ ಕೊಟ್ಟರು. ಅಂದಿನ ಪಾಠ ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ, ಬಿತ್ತುವವನ ಸಾಮ್ಯ. ಸುಮಾರು ಒಂದು ಗಂಟೆ ಅವರೊಡನೆ ಕುಳಿತಿದ್ದು, ಅವರು ಕಣ್ಣು ಮುಚ್ಚಿ ಪ್ರಾರ್ಥನೆಗೆ ನಿಂತಾಗ ಅವನು ಗುಂಡು ಹಾರಿಸಿದನು. ಸಭಾಪಾಲಕರೂ ರಾಜ್ಯದ ಸೆನೆಟರೂ ಆಗಿದ್ದ ಕ್ಲೆಮೆಂಟಾ ಪಿಂಕ್ನಿಯವರು ಸೇರಿ ಒಂಬತ್ತು ಮಂದಿ ಮಡಿದರು.

ಎರಡೇ ದಿನಗಳ ತರುವಾಯ ನ್ಯಾಯಾಲಯದಲ್ಲಿ, ತೆರೆಯ ಮೇಲೆ ಮೂಡಿದ್ದ ಹಂತಕನ ಮುಖವನ್ನು ನೋಡುತ್ತ, ತಾಯಿಯನ್ನು ಕಳೆದುಕೊಂಡ ಮಗಳು ಮೊದಲಾಗಿ ಕೆಲವರು ಬಂಧುಗಳು ಬಿಕ್ಕುತ್ತಲೇ ಅವನನ್ನು ಕ್ಷಮಿಸಿದೆವೆಂದರು. ಕ್ಷಮಿಸಲಾರೆವೆಂದ ಬಂಧುಗಳೂ ಇದ್ದರು. ಅವರ ಶೋಕವನ್ನು ಕಿರಿದೆಂದು ಎಣಿಸುವ ಅಧಿಕಾರ ಯಾರಿಗೂ ಇಲ್ಲ. ಕ್ಷಮೆಯು ನ್ಯಾಯಕ್ಕೆ ಅಡ್ಡ ಬರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು: ವಿಚಾರಣೆ ನಡೆಯಿತು, ಶಿಕ್ಷೆಯಾಯಿತು, ರಾಜ್ಯ ಶಾಸನಭವನದ ಆವರಣದಲ್ಲಿ ಹಾರುತ್ತಿದ್ದ , ಅಂತರ್ಯುದ್ಧದಲ್ಲಿ ದಾಸ್ಯದ ಪರ ನಿಂತ ಪಕ್ಷದ ಧ್ವಜವು ಅದೇ ವರ್ಷದ ಜುಲೈ 10ರಂದು ಕೆಳಗಿಳಿಯಿತು. ಆದರೆ ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಮಿಗಿಲಾಗಿ ಕಲಕಿದ ಸಂಗತಿ ಬೇರೆ. ಮರುಭಾನುವಾರವೇ ಆ ಚರ್ಚು ಆರಾಧನೆಗೆ ತೆರೆಯಿತು. ಮರುಬುಧವಾರವೇ, ಅದೇ ಕೆಳಗಣ ಕೊಠಡಿಯಲ್ಲಿ, ಬೈಬಲ್ ಅಧ್ಯಯನ ಮತ್ತೆ ಕೂಡಿತು.

ಇದೇ ಗ್ರಂಥವನ್ನು ಹಿಡಿದುಕೊಂಡು ಬಾಗಿಲು ಮುಚ್ಚಿದವರೂ ಇದೇ ದೇಶದವರು. ಗುಲಾಮರ ಒಡೆಯರು ಮಿಷನರಿಗಳಾಗಬಹುದೆಂದು ವಾದಿಸಿ 1845ರಲ್ಲಿ ಬೇರೆಯಾದ ದಕ್ಷಿಣದ ಬ್ಯಾಪ್ಟಿಸ್ಟರು ಅದಕ್ಕಾಗಿ ಕ್ಷಮೆ ಯಾಚಿಸಿದ್ದು 1995ರಲ್ಲಿ, ನೂರೈವತ್ತು ವರ್ಷ ಕಳೆದ ಮೇಲೆ. 1963ರಲ್ಲಿ ಬರ್ಮಿಂಗ್‌ಹ್ಯಾಮಿನ ಸೆರೆಮನೆಯಿಂದ ಮಾರ್ಟಿನ್ ಲೂಥರ್ ಕಿಂಗರು ಬರೆದ ಪ್ರಸಿದ್ಧ ಪತ್ರವು ತಾಳಿಕೊಳ್ಳಿರೆಂದು ಬುದ್ಧಿ ಹೇಳಿದ ಧರ್ಮಗುರುಗಳಿಗೆ ಕೊಟ್ಟ ಉತ್ತರವೆಂಬುದನ್ನು ಮರೆಯುವಂತಿಲ್ಲ. ದೇಗುಲದ ಹೊಸಿಲಲ್ಲಿ ಮನುಷ್ಯರನ್ನು ತಡೆದ ಚರಿತ್ರೆ ನಮ್ಮ ನಾಡಿಗೂ ಉಂಟಾದುದರಿಂದ, ಇದನ್ನು ಪರರ ದೋಷವೆಂದು ಓದಿ ಪುಟ ಮಗುಚುವ ಹಕ್ಕು ನಮಗಿಲ್ಲ.

ಅಮೆರಿಕದಲ್ಲಿ ತಾವು ಕ್ರೈಸ್ತರೆಂದು ಹೇಳಿಕೊಳ್ಳುವ ವಯಸ್ಕರು 2007ರಲ್ಲಿ ನೂರಕ್ಕೆ 78 ಇದ್ದವರು ಈಗ 62ರ ಆಸುಪಾಸಿಗೆ ಇಳಿದಿದ್ದಾರೆಂದು ಪ್ಯೂ ಸಂಸ್ಥೆಯ ಸಮೀಕ್ಷೆ ಹೇಳುತ್ತದೆ. ನಮಗೆ ಆಶ್ರಯವಿತ್ತ ಚರ್ಚಿನಲ್ಲಿಯೂ ಹಿಂದಣ ಸಾಲುಗಳು ಬರಿದಾಗಿವೆ. ಕಪಾಟನ್ನು ತುಂಬುವ ಕೈಗಳಿಗೆ ವಯಸ್ಸಾಗಿದೆ, ತೆಗೆದುಕೊಳ್ಳಲು ಬರುವವರು ಮಾತ್ರ ಕಡಿಮೆಯಾಗಿಲ್ಲ. ಪ್ರತಿ ತಿಂಗಳ ಎರಡನೆಯ ಶನಿವಾರ, ಪಾಠ ಮುಗಿದ ಮೇಲೆ, ಮಧ್ಯಾಹ್ನ ಹನ್ನೆರಡಕ್ಕೆ ಆ ಕಪಾಟನ್ನು ತುಂಬುವ ಕೆಲಸವನ್ನು ನಮ್ಮ ಕೂಟವು ವಹಿಸಿಕೊಂಡಿದೆ. ಸದಸ್ಯರು ಮಕ್ಕಳೊಡನೆ ಬರಬೇಕೆಂದೂ, ಅಕ್ಕಿ ಬೇಳೆಗಳ ಜೊತೆಗೆ ಡೈಪರುಗಳನ್ನೂ ತರಬೇಕೆಂದೂ ಸಂಪಾದಕ ಮಂಡಲಿಯ ಪ್ರಾರ್ಥನೆ.