ಬೇಲಿ ನನ್ನದು, ಹಂದಿ ಪಕ್ಕದವನದು

ಕಳೆದ ಮಳೆಗಾಲದ ಕೊನೆಗೆ ನನ್ನ ಹತ್ತು ಗುಂಟೆ ಗದ್ದೆಗೆ ಹಂದಿ ನುಗ್ಗಿತು. ತೆನೆಯಲ್ಲಿ ಹಾಲು ತುಂಬುವ ಹೊತ್ತು. ಒಂದೇ ರಾತ್ರಿಯ ಕೆಲಸ. ಬೆಳಗ್ಗೆ ಹೋಗಿ ನೋಡಿದರೆ ಚಾಪೆ ಹಾಸಿದ ಹಾಗೆ ಭತ್ತ ಮಲಗಿದೆ. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಮನೆಯವಳು ಗದ್ದೆ ಹಾಳಿಯ ಮೇಲೆ ನಿಂತು, "ಬರುವ ವರ್ಷ ಅಂಗಡಿ ಅಕ್ಕಿಯೇ ಸೈ" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಇಷ್ಟು ವರ್ಷ ಬಾರದ ಹಂದಿ ಈಗ ಯಾಕೆ ಬಂತು? ಮೇಲಿನ ಮನೆಯವರು ಆ ವರ್ಷ ಸೋಲಾರ್ ಬೇಲಿ ಹಾಕಿಸಿದ್ದರು. ಹಂದಿ ಬೇಲಿಗೆ ಮೂತಿ ತಾಗಿಸಿ, ಹೊಡೆತ ತಿಂದು, ಬದಿಯ ದಾರಿ ಹಿಡಿದು ನನ್ನಲ್ಲಿಗೆ ಇಳಿಯಿತು. ಹಾಗಂತ ಅವರನ್ನು ದೂರಲು ನನಗೆ ಬಾಯಿಲ್ಲ. ನಾಲ್ಕು ವರ್ಷದ ಹಿಂದೆ ನಾವು ಏಳು ಮನೆಯವರು ವಂತಿಗೆ ಹಾಕಿ ಮಂಗ ಹಿಡಿಯುವವರನ್ನು ಕರೆಸಿದ್ದೆವು. ಹಿಡಿದ ಮಂಗಗಳನ್ನು ರಾತ್ರಿ ಗಾಡಿಯಲ್ಲಿ ಒಯ್ದು ದೂರದ ಕಾಡಿನಲ್ಲಿ ಬಿಟ್ಟರು. ಅಪ್ಪಣೆ ಗಿಪ್ಪಣೆ ಯಾರೂ ಕೇಳಲಿಲ್ಲ. ಕಾಡು ಎಂದರೆ ಏನು, ಅದರ ಅಂಚಿನಲ್ಲೂ ಯಾರದ್ದೋ ತೋಟ ಇದ್ದೇ ಇರುತ್ತದಲ್ಲ! ಎರಡು ತಿಂಗಳು ನೆಮ್ಮದಿ. ಆಮೇಲೆ ಗುಡ್ಡದಾಚೆಯ ಹಿಂಡು ಖಾಲಿ ಜಾಗ ನೋಡಿ ಇಳಿದು ಬಂತು. ಹಳೆಯ ಹಿಂಡಿಗೆ ನಮ್ಮ ನಾಯಿಯ ಹೆದರಿಕೆಯಾದರೂ ಇತ್ತು, ಹೊಸಬರಿಗೆ ಅದೂ ಇಲ್ಲ. ಅಡಿಕೆಯ ಎಳೆ ಮಿಳ್ಳೆ ಉದುರಿಸಿ, ಸೀಯಾಳ ಕುಡಿದು, ಬಾಳೆಯ ಸುಳಿ ಸೀಳಿ ಹೋಗುತ್ತವೆ.

ಹೀಗೆ ಒಬ್ಬರ ಉಪದ್ರ ಇನ್ನೊಬ್ಬರ ಅಂಗಳಕ್ಕೆ ದೂಡುವುದಕ್ಕೆ ನಾವು 'ಪರಿಹಾರ' ಎನ್ನುತ್ತಿದ್ದೇವೆ.

ಸರಕಾರ ಏನಾದರೂ ಮಾಡಲಿ ಎನ್ನುವವರಿದ್ದಾರೆ. ಮಾಡಲಿ, ಬೇಡ ಎನ್ನುವುದಿಲ್ಲ. ಹಿಮಾಚಲ ಪ್ರದೇಶದಲ್ಲಿ 2007ರಿಂದ ಮಂಗಗಳಿಗೆ ಸಂತಾನಹರಣ ಚಿಕಿತ್ಸೆ ನಡೆಯಿತು. 2016ರಲ್ಲಿ ಕೆಲವು ಭಾಗಗಳಲ್ಲಿ ಕೊಲ್ಲಲೂ ಕೇಂದ್ರ ಅನುಮತಿ ಕೊಟ್ಟಿತು. ಕೋವಿ ಎತ್ತಲು ಅಲ್ಲಿನ ರೈತರಿಗೆ ಕೈ ಬರಲಿಲ್ಲ, ಹನುಮಂತ ದೇವರ ಭಯ. ನಮಗೂ ಅಷ್ಟೇ ಅಲ್ಲವೆ? ಕೇರಳದಲ್ಲಿ 2022ರಲ್ಲಿ ಹಂದಿ ಹೊಡೆಸುವ ಅಧಿಕಾರವನ್ನು ಪಂಚಾಯತಿಗೇ ಕೊಟ್ಟರು. ಅದು ನಮಗೂ ಬೇಕು ಎಂದು ನಾನೂ ಹೇಳುತ್ತೇನೆ. ಆದರೆ ಪಂಚಾಯತಿಗೆ ಅಧಿಕಾರ ಬಂದ ಮಾತ್ರಕ್ಕೆ ಊರು ಒಟ್ಟಾದೀತೆ?

ನನ್ನ ಮಾತು ಬೆಟ್ಟದ ಕಡೆಗೆ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎಕರೆ ತೋಟಕ್ಕೆ 9 ಎಕರೆ ತನಕ ಸೊಪ್ಪಿನ ಬೆಟ್ಟ ಬ್ರಿಟಿಷರ ಕಾಲದಲ್ಲೇ ಬಿಟ್ಟುಕೊಟ್ಟದ್ದು. ನೆಲ ಸರಕಾರದ್ದು, ಸೊಪ್ಪು ದರಕು ನಮ್ಮದು. ಆ ಬೆಟ್ಟವನ್ನು ನಾವು ಹೇಗೆ ಇಟ್ಟುಕೊಂಡೆವು? ಕೊಟ್ಟಿಗೆಯಲ್ಲಿ ದನ ಕಡಿಮೆಯಾಯಿತು, ಸೊಪ್ಪು ತರುವ ಆಳು ಸಿಗುವುದಿಲ್ಲ, ಬೆಟ್ಟದ ಕಡೆ ಹೋಗುವುದೇ ತಪ್ಪಿತು. ಉಪ್ಪಾಗೆಗೆ ರೇಟು ಬಂದ ವರ್ಷಗಳಲ್ಲಿ ಹತ್ತಿ ಕೊಯ್ಯಲು ಪುರುಸೊತ್ತಿಲ್ಲದೆ ಟೊಂಗೆಯನ್ನೇ ಕಡಿದು ಕೆಡವಿದೆವು. ಅಪ್ಪೆಮಿಡಿ ಮರಕ್ಕೂ ಅದೇ ಗತಿ. ಇಲಾಖೆಯವರು ಬೋಳು ಗುಡ್ಡ ಕಂಡಲ್ಲಿ ಅಕೇಶಿಯಾ ಹಾಕಿದರು. ಅಕೇಶಿಯಾದಲ್ಲಿ ಮಂಗಕ್ಕೆ ತಿನ್ನಲು ಏನಿದೆ? ನಮ್ಮ ಹೊಟ್ಟೆಗೂ ಇಲ್ಲ, ಅದರ ಹೊಟ್ಟೆಗೂ ಇಲ್ಲ.

ನೇರಳೆ, ಮುರುಗಲು, ಹೆಬ್ಬಲಸು, ಅತ್ತಿ, ಬಸರಿ ನೆಟ್ಟುಬಿಟ್ಟರೆ ಮಂಗ ತೋಟಕ್ಕೆ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಸೀಯಾಳದ ರುಚಿ ಹತ್ತಿದ ಮಂಗ ಅಷ್ಟು ಸುಲಭಕ್ಕೆ ಬಿಡುವ ಜಾತಿಯಲ್ಲ. ಮರ ಹಣ್ಣು ಬಿಡಲು ಹತ್ತು ಹದಿನೈದು ವರ್ಷ ಬೇಕು, ಅದೂ ತೋಟದಂಚಿನಲ್ಲಿ ನೆಟ್ಟರೆ ಕರೆದು ಕೂರಿಸಿದ ಹಾಗೆ. ಮೇಲೆ, ಗುಡ್ಡದ ನೆತ್ತಿಯಲ್ಲಿ ನೆಡಬೇಕು. ಮಕ್ಕಳ ಕಾಲಕ್ಕಾದರೂ ಹಿಂಡು ಅಲ್ಲಿ ಅರ್ಧ ದಿನ ಕಳೆದೀತು.

ಹಂದಿಯದ್ದು ಬೇರೆ ಕಥೆ. ಅದಕ್ಕೆ ಮನೆ ಕಟ್ಟಿಕೊಟ್ಟವರು ನಾವೇ. ನಮ್ಮ ಬಯಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಗದ್ದೆ ಬೀಳು. ಯುಪಟೋರಿಯಂ, ಲಂಟಾನ ಆಳೆತ್ತರ ಬೆಳೆದಿದೆ. ಹಗಲು ಅದರೊಳಗೆ ಮಲಗಿ ರಾತ್ರಿ ಎದ್ದು ಊಟಕ್ಕೆ ಬರುತ್ತದೆ. ಮೊದಲು ಇಪ್ಪತ್ತು ಮನೆಯವರು ಬೆಳೆಯುತ್ತಿದ್ದಾಗ ಆದ ನಷ್ಟ ಇಪ್ಪತ್ತು ಕಡೆ ಹಂಚಿಹೋಗುತ್ತಿತ್ತು. ಮಾಳದಲ್ಲಿ ಸರತಿಯ ಮೇಲೆ ಮಲಗುತ್ತಿದ್ದರು, ಒಬ್ಬ ಕೂಗಿದರೆ ಆಚೆ ಮಾಳದವನು ಡಬ್ಬಿ ಬಡಿಯುತ್ತಿದ್ದ. ಈಗ ಬೆಳೆಯುವವರು ಐದೇ ಮನೆ, ಪೂರಾ ಪೆಟ್ಟು ಆ ಐದು ಮನೆಗೆ. ಅದರಲ್ಲಿ ಒಬ್ಬ ಬೇಲಿ ಹಾಕಿದರೆ ಉಳಿದ ನಾಲ್ವರಿಗೆ.

ಆದ್ದರಿಂದ ಬೇಲಿ ಹಾಕುವುದಾದರೆ ಬಯಲಿಗೆ ಒಂದೇ ಬೇಲಿ ಹಾಕಬೇಕು. ಲೆಕ್ಕ ನೋಡಿ: ಐದು ತುಂಡು ಗದ್ದೆಗೆ ಬೇರೆ ಬೇರೆ ಸುತ್ತು ಬರುವ ತಂತಿಗಿಂತ ಒಟ್ಟು ಬಯಲಿನ ಹೊರಸುತ್ತಿಗೆ ಬೇಕಾಗುವ ತಂತಿ ಕಡಿಮೆ. ಬ್ಯಾಟರಿ, ಯಂತ್ರ ಐದರ ಬದಲು ಒಂದು ಸಾಕು. ಕಷ್ಟ ಇರುವುದು ಹಾಕುವುದರಲ್ಲಲ್ಲ, ನೋಡಿಕೊಳ್ಳುವುದರಲ್ಲಿ. ಕೆಳಗಿನ ತಂತಿಗೆ ಹುಲ್ಲು ತಾಗಿದರೆ ಕರೆಂಟು ನೆಲಕ್ಕಿಳಿದು ಹೋಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಸವರಲೇಬೇಕು. (ಮನೆಯ ಕರೆಂಟನ್ನೇ ನೇರ ತಂತಿಗೆ ಕೊಡುವ ಹುಚ್ಚು ಯಾರೂ ಮಾಡಬೇಡಿ. ಹಂದಿಗಿಂತ ಮೊದಲು ದನವೋ ಮನುಷ್ಯನೋ ಸಾಯುತ್ತಾನೆ, ಬೇಲಿ ಹಾಕಿದವ ಜೈಲಿಗೆ ಹೋಗುತ್ತಾನೆ.)

ಒಟ್ಟಾಗಿ ಮಾಡುವುದು ನಮ್ಮಿಂದ ಆಗದು ಎನ್ನುವವರಿಗೆ ಕುಮಟಾದ ಹಳಕಾರ ತೋರಿಸುತ್ತೇನೆ. 1920ರ ದಶಕದಿಂದ ಅಲ್ಲಿಯ ಜನ ಗ್ರಾಮ ಅರಣ್ಯ ಪಂಚಾಯತಿ ಮಾಡಿಕೊಂಡು, ವಂತಿಗೆ ಹಾಕಿ ಕಾವಲಿನವನನ್ನು ಇಟ್ಟು ಊರ ಕಾಡು ಕಾಯುತ್ತ ಬಂದಿದ್ದಾರೆ. ಸರಕಾರ ರದ್ದು ಮಾಡಲು ಹೊರಟಾಗ ಕೋರ್ಟಿಗೆ ಹೋಗಿ ಉಳಿಸಿಕೊಂಡರು. 1993ರ ಆದೇಶದ ನಂತರ ನಮ್ಮ ಊರುಗಳಲ್ಲೂ ಗ್ರಾಮ ಅರಣ್ಯ ಸಮಿತಿಗಳಾದವು. ನಮ್ಮದರ ಬೋರ್ಡು ಇದೆ, ಸಭೆ ಇಲ್ಲ. ಯೋಜನೆಯ ದುಡ್ಡು ಮುಗಿದ ದಿನ ಸಮಿತಿಯೂ ಮಲಗಿತು. ಹಳಕಾರದವರದ್ದು ಯಾರೋ ಕೊಟ್ಟ ದುಡ್ಡಿನಿಂದ ಹುಟ್ಟಿದ್ದಲ್ಲ. ವ್ಯತ್ಯಾಸ ಅಲ್ಲೇ ಇರಬೇಕು.

ನಮ್ಮ ಬಯಲಿನ ಐದು ಮನೆಯವರು ದೀಪಾವಳಿ ಕಳೆದು ಒಮ್ಮೆ ಕೂತೆವು. ಮೇಲಿನ ಮನೆಯವರು ತಮ್ಮ ಬೇಲಿ ಬಿಚ್ಚಿ ಹೊರಸುತ್ತಿಗೆ ಸೇರಿಸಲು ಒಪ್ಪಿದ್ದಾರೆ, ಇದು ಸಣ್ಣ ಮಾತಲ್ಲ. ಬೀಳು ಬಿಟ್ಟು ಪೇಟೆಯಲ್ಲಿರುವ ಮೂವರಿಗೆ, ಗದ್ದೆಯ ಮಟ್ಟಿ ಸವರಿಸಿ, ಇಲ್ಲವೆ ನಮಗೆ ಸವರಲು ಬಿಡಿ ಎಂದು ಕಾಗದ ಬರೆದಿದ್ದೇವೆ. ಒಬ್ಬರು ಒಪ್ಪಿದರು. ಒಬ್ಬರಿಗೆ, ಸವರಿದವರು ನೆಲಕ್ಕೇ ಕೈ ಹಾಕಿಯಾರು ಎಂಬ ಅನುಮಾನ. ಮೂರನೆಯವರಿಂದ ಉತ್ತರವಿಲ್ಲ. ಬೇಲಿ ಸವರುವ ಸರತಿಯ ಪಟ್ಟಿಯಲ್ಲಿ ಮೊದಲ ವಾರ ನನ್ನದು.