ಆವರೇಜ್ ಮಾಡಿದ್ರೆ ಗೋಡೆ ಒಣಗುತ್ತಾ?

ಮೊದಲೇ ಒಂದು ತಪ್ಪೊಪ್ಪಿಗೆ. ನಾನು ಲ್ಯಾಬ್‌ನಲ್ಲಿ ರೀಡಿಂಗ್ ಕುಕ್ ಮಾಡಿದ್ದೇನೆ. ನಗಬೇಡಿ, ನೀವೂ ಮಾಡಿದ್ದೀರಿ. ಗ್ರಾಫ್ ಮೊದಲು ಎಳೆದು, ಆಮೇಲೆ ಅದಕ್ಕೆ ಹೊಂದುವ ರೀಡಿಂಗ್ ಟೇಬಲ್‌ಗೆ ತುಂಬೋದನ್ನ ನಮಗೆ ಯಾರೂ ಕಲಿಸಲಿಲ್ಲ. ಆದರೂ ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಎಲ್ಲರಿಗೂ ಬಂದುಬಿಟ್ಟಿತ್ತು. ಒಂದು ಪಾಯಿಂಟ್ ಗೆರೆಯಿಂದ ಆಚೆ ಹೋದರೆ ರಬ್ಬರ್ ರೆಡಿ. ಇದರಿಂದ ಯಾರಿಗೇನು ನಷ್ಟ ಅಂತ ನಾನೂ ಅಂದುಕೊಂಡಿದ್ದೆ. ಹೋದ ರಜೆಯಲ್ಲಿ ಮೂರು ವಾರ ನಮ್ಮ ಮಾವನ ಜೊತೆ ಕೆಲಸಕ್ಕೆ ಹೋಗಿ ಬಂದ ಮೇಲೆ ಹಾಗೆ ಅನ್ನಿಸುತ್ತಿಲ್ಲ.

ಮಾವ ಬೆಂಗಳೂರಿನಲ್ಲಿ ಹೋಮ್ ಇನ್‌ಸ್ಪೆಕ್ಷನ್ ಮಾಡುತ್ತಾರೆ. ಫ್ಲ್ಯಾಟ್ ಕೊಳ್ಳುವವರು ಕೀ ತಗೊಳ್ಳೋ ಮೊದಲು ಇವರನ್ನು ಕರೆಸುತ್ತಾರೆ. ಇವರು ಮನೆಯನ್ನು ಮೂಲೆ ಮೂಲೆ ನೋಡಿ, ಏನು ಸರಿ ಇದೆ, ಏನು ಸರಿ ಇಲ್ಲ ಅಂತ ಫೋಟೋ ಸಮೇತ ರಿಪೋರ್ಟ್ ಕೊಡುತ್ತಾರೆ. ಮನೆಗೆ ಮಾಡಿಸೋ ಮಾಸ್ಟರ್ ಹೆಲ್ತ್ ಚೆಕಪ್ ಅಂದುಕೊಳ್ಳಿ. ಮಾವ ಸಿವಿಲ್ ಡಿಪ್ಲೊಮಾ ಓದಿ, ಬಹಳ ವರ್ಷ ಸೈಟ್‌ಗಳಲ್ಲಿ ಸೂಪರ್‌ವೈಸರ್ ಆಗಿದ್ದವರು. ಈಗ ಸ್ವಂತ ಬಿಸಿನೆಸ್. ಬಿಸಿನೆಸ್ ಅಂದ್ರೆ ಅವರು, ಒಬ್ಬ ಹುಡುಗ, ಒಂದು ಸ್ಕೂಟರ್, ಒಂದು ದೊಡ್ಡ ಬ್ಯಾಗ್ ಅಷ್ಟೇ.

ಆ ಬ್ಯಾಗ್‌ನಲ್ಲಿ ಏನಿರಬಹುದು ಅಂತ ನನಗೆ ಬಹಳ ಕುತೂಹಲ ಇತ್ತು. ಲೇಸರ್ ಮೀಟರ್, ಸ್ಪಿರಿಟ್ ಲೆವೆಲ್, ಟಾರ್ಚ್, ತುದಿಯಲ್ಲಿ ಗುಂಡು ಇರೋ ಸ್ಟೀಲ್ ಕಡ್ಡಿ, ಸಾಕೆಟ್ ಟೆಸ್ಟರ್, ಮಾಯಿಶ್ಚರ್ ಮೀಟರ್, ಒಂದು ಥರ್ಮಲ್ ಕ್ಯಾಮೆರಾ. ಇಷ್ಟರ ಜೊತೆಗೆ ಒಂದು ಪ್ಲಾಸ್ಟಿಕ್ ಬಕೆಟ್. ಮೂರು ವಾರದಲ್ಲಿ ಹೆಚ್ಚು ಕೆಲಸ ಮಾಡಿದ್ದು ಆ ಬಕೆಟ್ಟೇ. ಬಾತ್‌ರೂಮ್‌ನಲ್ಲಿ, ಬಾಲ್ಕನಿಯಲ್ಲಿ ಒಂದು ಬಕೆಟ್ ನೀರು ಸುರಿದು ಕಾಯುವುದು. ನೀರು ತಾನಾಗಿ ಜಾಲರಿ ಕಡೆ ಹೋದರೆ ಸ್ಲೋಪ್ ಸರಿ ಇದೆ. ಬಾಗಿಲ ಕಡೆ ಬಂದರೆ ಮುಂದೆ ದಿನಾ ಒರೆಸೋರು ನೀವೇ.

ಕೆಲಸ ಒಂದು ಕ್ರಮದಲ್ಲಿ ನಡೆಯುತ್ತದೆ. ಸ್ಟೀಲ್ ಕಡ್ಡಿಯಿಂದ ಪ್ರತಿ ಟೈಲ್ ಮೇಲೂ ತಟ್ಟಬೇಕು. ಕೆಳಗೆ ಸಿಮೆಂಟ್ ಸರಿಯಾಗಿ ತುಂಬದಿದ್ದರೆ ಟೊಳ್ಳು ಶಬ್ದ ಬರುತ್ತದೆ. ಬಾಗಿಲನ್ನು ಅರ್ಧ ತೆರೆದು ಕೈ ಬಿಡಬೇಕು. ತಾನಾಗೇ ಓಡಿದರೆ ಫ್ರೇಮ್ ವಾಲಿದೆ ಅಂತ ಅನುಮಾನ. ಸಿಂಕ್ ತುಂಬಿಸಿ ಒಮ್ಮೆಲೇ ಬಿಟ್ಟು ಕೆಳಗೆ ಟಾರ್ಚ್ ಹಾಕಿ ಜಾಯಿಂಟ್ ನೋಡಬೇಕು. ಎಲ್ಲಾ ಸಾಕೆಟ್‌ಗೂ ಟೆಸ್ಟರ್ ಚುಚ್ಚಿ ಅರ್ಥಿಂಗ್ ಇದೆಯಾ, ಫೇಸ್ ಬಲಗಡೆ ಇದೆಯಾ ಅಂತ ನೋಡಬೇಕು. ಹೊಸ ಫ್ಲ್ಯಾಟ್ ಒಂದರಲ್ಲಿ ಗೀಸರ್ ಪಾಯಿಂಟ್‌ಗೇ ಅರ್ಥಿಂಗ್ ಬಂದಿರಲಿಲ್ಲ. ಹೊರಗಿಂದ ನೋಡಿದರೆ ಮೂರು ತೂತಿನ ಚಂದದ ಸಾಕೆಟ್! ಎರಡು ಬೆಡ್‌ರೂಮ್ ಮನೆಗೆ ಸುಮಾರು ಮೂರು ಗಂಟೆ ಬೇಕು. ಅದಕ್ಕಿಂತ ಹೆಚ್ಚು ಹೊತ್ತು ರಾತ್ರಿ ಕೂತು ರಿಪೋರ್ಟ್ ಬರೆಯೋಕೆ. ಶನಿವಾರ, ಭಾನುವಾರ ಊಟಕ್ಕೂ ಪುರುಸೊತ್ತಿಲ್ಲ, ಮಂಗಳವಾರ ಫೋನೇ ಇಲ್ಲ. ಇದು ಅವರ ದಿನಚರಿ.

ಇಷ್ಟೆಲ್ಲಾ ನೋಡಿದರೂ ಗೋಡೆಯ ಒಳಗಿನ ಕಂಬಿ ಕಾಣಲ್ಲ, ಪಿಲ್ಲರ್‌ನ ಬಲ ಗೊತ್ತಾಗಲ್ಲ. ಮಾವ ಒಡೆದು ನೋಡುವಂತಿಲ್ಲ. ಕಾಣದ್ದನ್ನು ಕಾಣಲಿಲ್ಲ ಅಂತಲೇ ರಿಪೋರ್ಟ್‌ನ ಮೊದಲ ಪುಟದಲ್ಲಿ ಬರೆಯುತ್ತಾರೆ. ಅದು ನನಗೆ ತುಂಬಾ ಇಷ್ಟವಾಯಿತು.

ಈಗ ನನ್ನ ತಪ್ಪಿನ ಕಥೆ. ಒಂದು ಭಾನುವಾರ ಏಳು ವರ್ಷ ಹಳೆಯ ಫ್ಲ್ಯಾಟ್‌ಗೆ ಹೋಗಿದ್ದೆವು. ಕೊಳ್ಳುವವರು ಹೊಸದಾಗಿ ಮದುವೆಯಾದ ಜೋಡಿ. ಇನ್‌ಸ್ಪೆಕ್ಷನ್‌ಗೆ ಮಾವನ ನಂಬರ್ ಕೊಟ್ಟಿದ್ದು ಆ ಮನೆ ಮಾರಿಸುತ್ತಿದ್ದ ಬ್ರೋಕರೇ. ಮನೆಗೆಲ್ಲಾ ಹೊಸ ಪೇಂಟ್ ಹೊಡೆದು ಫಳಫಳ ಅನ್ನುವಂತೆ ಮಾಡಿದ್ದರು. ಬಾತ್‌ರೂಮ್‌ಗೆ ಅಂಟಿದ ಬೆಡ್‌ರೂಮ್ ಗೋಡೆಯ ಮೇಲೆ ಥರ್ಮಲ್ ಕ್ಯಾಮೆರಾದಲ್ಲಿ ಒಂದು ನೀಲಿ ಮಚ್ಚೆ ಕಾಣಿಸಿತು. ಗಮನಿಸಿ, ಈ ಕ್ಯಾಮೆರಾ ನೀರನ್ನು ತೋರಿಸಲ್ಲ, ಮೇಲ್ಮೈಯ ಉಷ್ಣತೆಯ ವ್ಯತ್ಯಾಸವನ್ನಷ್ಟೇ ತೋರಿಸುತ್ತದೆ. ಒದ್ದೆ ಜಾಗದಲ್ಲಿ ನೀರು ಆವಿಯಾಗುವುದರಿಂದ ಅದು ತಂಪಾಗಿರುತ್ತದೆ. ಆದರೆ ತಂಪಾಗಿರುವುದೆಲ್ಲಾ ಒದ್ದೆ ಅಲ್ಲ. ಹಾಗಾಗಿ ಮಾಯಿಶ್ಚರ್ ಮೀಟರ್ ಇಟ್ಟು ನೋಡಲೇಬೇಕು. ಮಾವನ ಮೀಟರ್ ಮರಕ್ಕೆ ಅಂತ ಮಾಡಿದ್ದು, ಪ್ಲಾಸ್ಟರ್ ಮೇಲೆ ಅದರ ಅಂಕಿಯನ್ನು ಹಾಗೇ ನಂಬುವಂತಿಲ್ಲ. ಒಣಗಿದ ಗೋಡೆಯ ಅಂಕಿ ಜೊತೆ ಹೋಲಿಸಿ ನೋಡಬೇಕು. ಒಣ ಗೋಡೆಯಲ್ಲಿ 9 ಬಂತು. ಈ ಗೋಡೆಯ ಐದು ಜಾಗದಲ್ಲಿ 9, 10, 9, 11, 31.

ರಾತ್ರಿ ರಿಪೋರ್ಟ್ ಟೈಪ್ ಮಾಡಿದ್ದು ನಾನು. ಆ 31 ನೋಡಿ ನನ್ನ ಲ್ಯಾಬ್ ಬುದ್ಧಿ ಎದ್ದು ಕೂತಿತು. ನಾಲ್ಕು ರೀಡಿಂಗ್ ಒಂದೇ ಥರ ಇವೆ, ಇದೊಂದು ಯಾಕೆ ಹೀಗೆ? ಅಳಿಸೋಕೆ ಮನಸ್ಸಾಗಲಿಲ್ಲ, ಆವರೇಜ್ ಮಾಡಿದೆ. 14 ಬಂತು. ‘ಬೆಡ್‌ರೂಮ್ ಗೋಡೆಯಲ್ಲಿ ಸ್ವಲ್ಪ ತೇವ’ ಅಂತ ಬರೆದೆ. ಚೆನ್ನಾಗೇ ಬರೆದಿದ್ದೀನಿ ಅಂತ ಖುಷಿಯೂ ಆಯಿತು.

ಮಾವ ಓದಿ ಕನ್ನಡಕ ತೆಗೆದರು. “ಆವರೇಜ್ ಮಾಡಿದ್ರೆ ಗೋಡೆ ಒಣಗುತ್ತೇನೇ?” ಅಂದರು. “ಆ 31 ಬಂದಿದ್ದು ಎಲ್ಲಿ?” ಶವರ್ ಪೈಪ್ ಹಿಂದೆ, ನೆಲದಿಂದ ಒಂದಡಿ ಎತ್ತರದಲ್ಲಿ. “ಮತ್ತೆ? ಮನೆ ಕಾಯಿಲೆ ಇರೋದೇ ಅಲ್ಲಿ. ನೀನು ಉಳಿದ ನಾಲ್ಕು ಜಾಗದ ಆರೋಗ್ಯ ತಂದು ಇದರ ಮೇಲೆ ಬಳಿದುಬಿಟ್ಟೆ. ಆ ಪೇಂಟ್ ಹೊಡೆದವರಿಗೂ ನಿನಗೂ ಏನ್ ವ್ಯತ್ಯಾಸ?”

ನನಗೆ ಮಾತೇ ಹೊರಡಲಿಲ್ಲ.

ಮರುದಿನ ಬೆಳಗ್ಗೆ ಬ್ರೋಕರ್ ಫೋನ್ ಬಂತು. “ಸಾರ್, ಸ್ವಲ್ಪ ನೋಡ್ಕೊಂಡು ಬರೀರಿ, ಪಾರ್ಟಿ ಹೆದರಿಕೊಂಡು ಹೋದ್ರೆ ಎಲ್ಲರಿಗೂ ಲಾಸು.” ಮಾವ ಜಗಳ ಆಡಲಿಲ್ಲ. “ನೋಡಿದ್ದನ್ನೇ ಬರೀತೀನಿ ಸಾರ್” ಅಂದು ಇಟ್ಟರು. ಐದು ರೀಡಿಂಗ್ ಪೂರ್ತಿ, ಜಾಗದ ಫೋಟೋ ಸಮೇತ, ‘ಪೈಪ್ ಸೋರಿಕೆ ಇರಬಹುದು, ಪ್ಲಂಬರ್‌ನಿಂದ ಪ್ರೆಶರ್ ಟೆಸ್ಟ್ ಮಾಡಿಸಿ’ ಅಂತ ರಿಪೋರ್ಟ್ ಹೋಯಿತು. ‘ಮನೆ ತಗೋಬೇಡಿ’ ಅಂತ ಎಲ್ಲೂ ಬರೆಯಲಿಲ್ಲ. ಅದು ಅವರ ಕೆಲಸ ಅಲ್ಲ. ಆ ಬ್ರೋಕರ್‌ನಿಂದ ತಿಂಗಳಿಗೆ ನಾಲ್ಕೈದು ಮನೆ ಬರುತ್ತಿದ್ದವು. ಆಮೇಲೆ ಒಂದೂ ಬಂದಿಲ್ಲ. ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಇಡುವ ಶಬ್ದದಲ್ಲೇ ಅದು ಗೊತ್ತಾಗುತ್ತಿತ್ತು.

ಇದರಿಂದ ನನಗೆ ಅನ್ನಿಸಿದ ಎರಡು ಮಾತು ಹೇಳಿಬಿಡುತ್ತೇನೆ.

ಒಂದು, ಮನೆ ಕೊಳ್ಳುವವರಿಗೆ. ಇನ್ನು ಐದಾರು ವರ್ಷಕ್ಕೆ ಅದು ನಾವೇ. ನಮ್ಮ ಮನೆಗಳಲ್ಲಿ ಫ್ಲ್ಯಾಟ್ ನೋಡೋಕೆ ಹೋಗುವಾಗ ವಾಸ್ತು ನೋಡುವವರನ್ನು ತಪ್ಪದೇ ಕರೆದುಕೊಂಡು ಹೋಗುತ್ತಾರೆ, ನಲ್ಲಿ ತಿರುಗಿಸಿ ನೋಡುವವರು ಮಾತ್ರ ಒಬ್ಬರೂ ಇರಲ್ಲ. 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದಲ್ಲಿ ಅಥವಾ ಕೆಲಸದ ಗುಣಮಟ್ಟದಲ್ಲಿ ದೋಷ ಇದೆ ಅಂತ ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ದುಡ್ಡು ತಗೊಳ್ಳದೆ ಸರಿಮಾಡಿಕೊಡಬೇಕು. ಆದರೆ ಕೇಳೋಕೆ ನಮ್ಮ ಕೈಯಲ್ಲಿ ಏನಾದರೂ ಬರವಣಿಗೆಯಲ್ಲಿ ಇರಬೇಕಲ್ವಾ? ತಾರೀಖು, ಫೋಟೋ ಇರುವ ರಿಪೋರ್ಟ್ ಆ ಕೆಲಸ ಮಾಡುತ್ತದೆ. ಇನ್ನು ಏಳು ವರ್ಷದ ಹಳೆ ಫ್ಲ್ಯಾಟ್‌ಗೆ ಆ ಅವಧಿಯೂ ಮುಗಿದಿರುತ್ತದೆ, ಅಲ್ಲಿ ಮೊದಲೇ ನೋಡಿಸುವುದೊಂದೇ ದಾರಿ. ಮುಖ್ಯವಾಗಿ, ಇನ್‌ಸ್ಪೆಕ್ಟರನ್ನು ನೀವೇ ಹುಡುಕಿ, ನೀವೇ ದುಡ್ಡು ಕೊಡಿ. ಮಾರುವವರ ಕಡೆಯವರು ಕೊಟ್ಟ ನಂಬರ್‌ಗೆ ಫೋನ್ ಮಾಡಬೇಡಿ, ಅದು ನಮ್ಮ ಮಾವನ ನಂಬರ್ ಆದರೂ ಸರಿ. ಎಲ್ಲರೂ ಒಂದು ತಿಂಗಳ ಕೆಲಸ ಕಳೆದುಕೊಳ್ಳಲು ತಯಾರಿರುತ್ತಾರೆ ಅಂತ ನಂಬಿ ಮನೆ ಕೊಳ್ಳೋಕಾಗಲ್ಲ.

ಎರಡು, ನಮಗೆ. ಲ್ಯಾಬ್ ಅಂದ್ರೆ ಚಂದದ ಗ್ರಾಫ್ ಬರೆಯೋ ಜಾಗ ಅಂತ ನಾವು ಅಂದುಕೊಂಡಿದ್ದೇವೆ. ಆಚೆ ಹೋದ ಪಾಯಿಂಟ್‌ಗೆ ಮಾರ್ಕ್ಸ್ ಕಟ್ ಆಗುತ್ತೆ ಅನ್ನೋ ಭಯ ಸುಳ್ಳಲ್ಲ. ಅದಕ್ಕೇ ನಮ್ಮ ಲೆಕ್ಚರರ್‌ಗಳಲ್ಲೂ ಒಂದು ವಿನಂತಿ: ರೀಡಿಂಗ್ ತಪ್ಪಾಗಿ ಬಂದರೆ ಅದನ್ನು ಹಾಗೇ ಬರೆದು, ಯಾಕೆ ಹೀಗೆ ಬಂತು ಅಂತ ಎರಡು ಸಾಲು ಬರೆದವರಿಗೆ ಮಾರ್ಕ್ಸ್ ಕೊಡಿ. ಕೆಲವು ಸಲ ಅದು ನಿಜವಾಗಲೂ ಲೂಸ್ ಕನೆಕ್ಷನ್ ಇರಬಹುದು. ಕೆಲವು ಸಲ ಅದೇ 31 ಇರಬಹುದು. ಅಳಿಸಿದ ಮೇಲೆ ಯಾವುದು ಅಂತ ಯಾರಿಗೂ ಗೊತ್ತಾಗಲ್ಲ.

ಈ ಸೆಮಿಸ್ಟರ್‌ನ ಮೊದಲ ರೆಕಾರ್ಡ್‌ನಲ್ಲಿ ಒಂದು ಪಾಯಿಂಟ್ ಗೆರೆಯಿಂದ ದೂರ ಬಿದ್ದಿತ್ತು. ಬಿಟ್ಟಿದ್ದೇನೆ. ಹತ್ತಕ್ಕೆ ಏಳು ಬಂತು.