ಚೌಕಟ್ಟಿನ ಹೊರಗುಳಿದ ಬೆಟ್ಟ

ಮಂಜು ಮುಸುಕಿದ ಶಿಖರ, ಕೆಳಗೆ ಬಳುಕುವ ನದಿ, ಒಂದು ಬದಿಯಲ್ಲಿ ಬಾಗಿ ನಿಂತ ಮರ. ಎಲ್ಲಿಯೂ ಮನುಷ್ಯನ ಸುಳಿವಿಲ್ಲ. ಬ್ಯಾಂಕಿನ ಕ್ಯಾಲೆಂಡರಿನಿಂದ ಹಿಡಿದು ಪ್ರವಾಸೋದ್ಯಮದ ಕರಪತ್ರದವರೆಗೆ ಬೆಟ್ಟವೆಂದರೆ ಇದೇ ಚಿತ್ರ. ಬೆಟ್ಟ ಹೀಗೆಯೇ ಇರುತ್ತದೆಂದು ಪೇಟೆಯವರು ನಂಬಿದ್ದಾರೆ. ಬೆಟ್ಟದಲ್ಲಿ ಹುಟ್ಟಿ ಬೆಳೆದವರೂ ಕ್ರಮೇಣ ನಂಬತೊಡಗಿದ್ದಾರೆ. ಆದರೆ ಈ ನೋಟ ತಾನಾಗಿ ಹುಟ್ಟಿದ್ದಲ್ಲ. ಅದಕ್ಕೊಂದು ಚರಿತ್ರೆಯಿದೆ. ಭಾರತದ ಮಟ್ಟಿಗೆ ಆ ಚರಿತ್ರೆಯ ಮುಖ್ಯ ಅಧ್ಯಾಯವೊಂದು ನೂರಅರವತ್ತು ವರ್ಷಗಳ ಹಿಂದೆ ಹಿಮಾಲಯದ ಕಾಲುದಾರಿಗಳಲ್ಲಿ, ಹೊರೆಯಾಳುಗಳ ಬೆನ್ನಿನ ಮೇಲೆ ನಡೆದುಹೋಯಿತು.

ಸ್ಯಾಮ್ಯುಯೆಲ್ ಬೋರ್ನ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದವನು. 1863ರಲ್ಲಿ ಆ ಕೆಲಸ ತೊರೆದು ಭಾರತಕ್ಕೆ ಬಂದ ಅವನು ಸಿಮ್ಲಾದಲ್ಲಿ ಪಾಲುದಾರರೊಡನೆ ಛಾಯಾಚಿತ್ರದ ಉದ್ಯಮ ಆರಂಭಿಸಿದ. ಮುಂದೆ ಬೋರ್ನ್ ಅಂಡ್ ಶೆಫರ್ಡ್ ಎಂದು ಪ್ರಸಿದ್ಧವಾದ ಸಂಸ್ಥೆ ಅದೇ. ಮೂರು ಸಲ ಅವನು ಹಿಮಾಲಯದ ಒಳನಾಡಿಗೆ ಯಾತ್ರೆ ಕೈಗೊಂಡ. 1863ರಲ್ಲಿ ಸಟ್ಲೆಜ್ ಕಣಿವೆ, 1864ರಲ್ಲಿ ಕಾಶ್ಮೀರ, 1866ರಲ್ಲಿ ಕುಲು, ಸ್ಪಿತಿಗಳನ್ನು ಹಾದು ಗಂಗೋತ್ರಿ. ಕೊನೆಯ ಯಾತ್ರೆಯಲ್ಲಿ 18,600 ಅಡಿ ಎತ್ತರದ ಮಣಿರಂಗ್ ಕಣಿವೆದಾರಿಯಲ್ಲಿ ನಿಂತು ಚಿತ್ರ ತೆಗೆದ. ಅಷ್ಟು ಎತ್ತರದಲ್ಲಿ ಅದಕ್ಕೆ ಮೊದಲು ಯಾರೂ ಕ್ಯಾಮೆರಾ ಹೂಡಿರಲಿಲ್ಲ.

ಆ ಕಾಲದ ವಿಧಾನವನ್ನು ಅರಿಯದೆ ಆ ಸಾಧನೆಯ ಬೆಲೆ ತಿಳಿಯದು. ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದ ಹತ್ತಿಯನ್ನು ಈಥರ್ ಮತ್ತು ಮದ್ಯಸಾರದಲ್ಲಿ ಕರಗಿಸಿದರೆ ಕೊಲೋಡಿಯನ್ ಎಂಬ ಅಂಟುದ್ರವ ದೊರೆಯುತ್ತದೆ. ಅದನ್ನು ಗಾಜಿನ ಫಲಕದ ಮೇಲೆ ಸಮನಾಗಿ ಹರಡಿ, ಕತ್ತಲ ಗುಡಾರದೊಳಗೆ ಬೆಳ್ಳಿಯ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಹಸಿ ಆರುವ ಮುನ್ನವೇ ಕ್ಯಾಮೆರಾಕ್ಕೆ ಹಾಕಿ ಬೆಳಕಿಗೊಡ್ಡಬೇಕು. ಹಸಿ ಇರುವಾಗಲೇ ಮರಳಿ ಗುಡಾರಕ್ಕೆ ತಂದು ಚಿತ್ರ ಮೂಡಿಸಬೇಕು. ಇಷ್ಟಕ್ಕೂ ಸಿಗುವುದು ಕೆಲವೇ ನಿಮಿಷ. ಚಿತ್ರವನ್ನು ದೊಡ್ಡದು ಮಾಡುವ ಅನುಕೂಲ ಇರದಿದ್ದುದರಿಂದ ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ಗಾಜು ಬೇಕು. ನೂರಾರು ಗಾಜು, ರಾಸಾಯನಿಕಗಳ ಸೀಸೆಗಳು, ಗುಡಾರ, ಭಾರದ ಕ್ಯಾಮೆರಾ, ಯಜಮಾನನ ಊಟೋಪಚಾರದ ಸಾಮಗ್ರಿ ಎಲ್ಲವೂ ಮನುಷ್ಯರ ಹೆಗಲೇರಿ ಕಣಿವೆ ದಾಟಬೇಕಿತ್ತು.

ಇಂಥ ಕಷ್ಟದಲ್ಲಿ ಮೂಡಿದ ಚಿತ್ರಗಳು ನಿಜಕ್ಕೂ ಕಲಾಕೃತಿಗಳು. ಕಲ್ಲಿನ ಸೀಳು, ಹಿಮದ ಮಡಿಕೆ, ದೇವದಾರುವಿನ ಟೊಂಗೆಯ ಮೇಲೆ ಕುಳಿತ ಮಂಜು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತವೆ. ಕೊಲೋಡಿಯನ್ ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತದೆ, ಹಸಿರಿಗೆ ಬಹು ಮಂದ. ಆದುದರಿಂದಲೇ ಆ ಚಿತ್ರಗಳಲ್ಲಿ ಆಕಾಶ ಬರಿದಾಗಿ ಬೆಳ್ಳಗೆ ತೋರುತ್ತದೆ, ಕಾಡು ಕಪ್ಪಗೆ ಗಂಭೀರವಾಗಿ ನಿಲ್ಲುತ್ತದೆ. ಬೆಳಕಿಗೊಡ್ಡುವ ಹೊತ್ತು ದೀರ್ಘವಾದುದರಿಂದ ಧುಮ್ಮಿಕ್ಕುವ ನೀರು ಹಾಲಿನ ಹೊಗೆಯಂತಾಗುತ್ತದೆ. ರಾಸಾಯನಿಕದ ಮಿತಿಯನ್ನೇ ಸೌಂದರ್ಯವಾಗಿಸಿದ್ದು ಆ ಕಾಲದ ಛಾಯಾಗ್ರಾಹಕರ ಪ್ರತಿಭೆ.

ಆದರೆ ಕಣ್ಣು ಯಾರದು? ಇಂಗ್ಲೆಂಡಿನ ಚಿತ್ರಕಲೆಯಲ್ಲಿ ಹದಿನೆಂಟನೆಯ ಶತಮಾನದ ಕೊನೆಯಿಂದಲೂ ರಮ್ಯದೃಶ್ಯಕ್ಕೊಂದು ಸೂತ್ರ ರೂಢಿಯಲ್ಲಿತ್ತು. ಮುಂಭಾಗದಲ್ಲಿ ಬಂಡೆಯೋ ಮರವೋ, ನಡುವೆ ನೀರು, ಹಿಂದೆ ಮಸುಕಾದ ಬೆಟ್ಟ. ಬೋರ್ನ್ ಈ ಸೂತ್ರವನ್ನು ತಲೆಯಲ್ಲಿಟ್ಟುಕೊಂಡೇ ಬಂದಿದ್ದ. ಲಂಡನ್ನಿನ ಛಾಯಾಚಿತ್ರ ಪತ್ರಿಕೆಗೆ ಬರೆದ ಲೇಖನಗಳಲ್ಲಿ ಹಿಮಾಲಯದ ಭವ್ಯತೆಗೆ ಬೆರಗಾಗುತ್ತಲೇ, ಅಲ್ಲಿ ಸರೋವರಗಳಿಲ್ಲ, ವೈವಿಧ್ಯವಿಲ್ಲ, ಚಿತ್ರದ ಚೌಕಟ್ಟಿಗೆ ಅದು ಒಗ್ಗುವುದಿಲ್ಲ ಎಂದು ದೂರಿದ್ದಾನೆ. ಕಾಶ್ಮೀರದ ನೀರಿನ ಅಂಚು ಅವನಿಗೆ ಹೆಚ್ಚು ಹಿತವಾಯಿತು. ಅಂದರೆ ಬೆಟ್ಟವನ್ನು ಕಂಡು ಚೌಕಟ್ಟು ಹುಟ್ಟಲಿಲ್ಲ. ಚೌಕಟ್ಟಿಗೆ ಹೊಂದುವ ಬೆಟ್ಟವನ್ನು ಹುಡುಕಲಾಯಿತು.

ಆ ಚೌಕಟ್ಟಿನ ಹೊರಗೆ ಉಳಿದವರಲ್ಲಿ ಮೊದಲಿಗರು ಹೊತ್ತವರು. ಕಾಶ್ಮೀರದ ಯಾತ್ರೆಗೆ ನಲವತ್ತಕ್ಕೂ ಹೆಚ್ಚು ಆಳುಗಳಿದ್ದರು. 1866ರ ಯಾತ್ರೆಗೆ ಇನ್ನೂ ಹೆಚ್ಚು. ಅವರಿಗೆ ಕೂಲಿ ಸಲ್ಲುತ್ತಿದ್ದುದು ನಿಜ. ಆದರೆ ಸಾಹೇಬರ ಪ್ರಯಾಣಕ್ಕೆ ಊರಿನ ಮುಖಂಡನ ಮೂಲಕ ಆಳು ಹಿಡಿಸುವ ಬಿಟ್ಟಿ ಬೇಗಾರದ ಪದ್ಧತಿ ಆ ಬೆಟ್ಟಗಳಲ್ಲಿ ಬೇರೂರಿತ್ತು. ಬಾರೆನೆನ್ನುವ ಸ್ವಾತಂತ್ರ್ಯ ರೈತನಿಗಿರಲಿಲ್ಲ. ಜುಲೈಯಿಂದ ಶರತ್ಕಾಲದವರೆಗಿನ ಪ್ರಯಾಣದ ಋತುವೇ ಎತ್ತರದ ಹಳ್ಳಿಗಳಲ್ಲಿ ಕಳೆ ಕೀಳುವ, ಕೊಯ್ಲು ಮಾಡುವ, ಚಳಿಗಾಲಕ್ಕೆ ಹುಲ್ಲು ಕೂಡಿಡುವ ಋತು. ಹೊರೆ ಇಳಿಸಿ ಓಡಿಹೋದವರನ್ನು ಮನೆಗಳಲ್ಲಿ ಹುಡುಕಿಸಿ ಕೋಲಿನಿಂದ ದಾರಿಗೆ ತಂದ ಪ್ರಸಂಗವನ್ನು ಬೋರ್ನ್ ಯಾವ ಅಳುಕೂ ಇಲ್ಲದೆ ಬರೆದಿದ್ದಾನೆ. ಚಿತ್ರದಲ್ಲಿ ಅಲ್ಲಲ್ಲಿ ಕಾಣುವ ಆಳು ಬೆಟ್ಟದ ಎತ್ತರವನ್ನು ತೋರಿಸುವ ಅಳತೆಗೋಲು ಮಾತ್ರ. ಕುಮಾವೂಂ ಜನ 1921ರ ಮಕರ ಸಂಕ್ರಾಂತಿಯಂದು ಬಾಗೇಶ್ವರದಲ್ಲಿ ಬೇಗಾರದ ದಾಖಲೆ ಪುಸ್ತಕಗಳನ್ನು ಸರಯೂ ನದಿಗೆ ಎಸೆಯುವವರೆಗೆ ಅಲ್ಲಿ ಆ ಪದ್ಧತಿ ನಡೆದೇ ಇತ್ತು.

ಎರಡನೆಯದಾಗಿ ಹೊರಗುಳಿದದ್ದು ಕೊಡಲಿ. ಬೋರ್ನ್ ಹೋದ ಭಾಗೀರಥಿ ಕಣಿವೆ ತೆಹ್ರಿ ಸಂಸ್ಥಾನಕ್ಕೆ ಸೇರಿತ್ತು. ಫ್ರೆಡರಿಕ್ ವಿಲ್ಸನ್ ಎಂಬ ಆಂಗ್ಲ ಗುತ್ತಿಗೆದಾರ 1850ರಲ್ಲಿ ವರ್ಷಕ್ಕೆ ಕೇವಲ 400 ರೂಪಾಯಿಗೆ ಅಲ್ಲಿನ ಕಾಡುಗಳ ಗುತ್ತಿಗೆ ಪಡೆದು, ದೇವದಾರುಗಳನ್ನು ಕಡಿಸಿ ನದಿಯಲ್ಲಿ ತೇಲಿಬಿಟ್ಟು ಬಯಲಿಗೆ ಸಾಗಿಸಿದ. 1864ರಲ್ಲಿ ಆಂಗ್ಲ ಸರ್ಕಾರವೇ ವರ್ಷಕ್ಕೆ 10,000 ರೂಪಾಯಿಗೆ ಇಪ್ಪತ್ತು ವರ್ಷಗಳ ಗುತ್ತಿಗೆ ಪಡೆಯಿತು. ರೈಲುಹಳಿಯ ಕೆಳಗಿನ ದಿಮ್ಮಿಗಳಿಗೆ ದೇವದಾರು ಬೇಕಾಗಿತ್ತು. ಎರಡು ವರ್ಷದ ತರುವಾಯ ಅದೇ ಕಣಿವೆಗೆ ಕ್ಯಾಮೆರಾ ಬಂದಿತು. ಪ್ರಸಿದ್ಧವಾದ ಚಿತ್ರಗಳಲ್ಲಿ ಉಳಿದದ್ದು ಅನಾದಿಯಿಂದ ಯಾರೂ ಮುಟ್ಟಿಲ್ಲವೆಂಬಂತೆ ನಿಂತ ಪ್ರಕೃತಿ. ಚಿತ್ರ ಸುಳ್ಳು ಹೇಳಲಿಲ್ಲ. ಎಲ್ಲವನ್ನೂ ಹೇಳಲಿಲ್ಲ, ಅಷ್ಟೇ. ಆದರೆ ಯಾರೂ ವಾಸಿಸದ, ಯಾರಿಗೂ ಸೇರದ ಬೆಟ್ಟವೆಂಬ ನೋಟ ಒಮ್ಮೆ ಮನಸ್ಸಿನಲ್ಲಿ ನೆಟ್ಟರೆ, ಅಲ್ಲಿನ ಸೊಪ್ಪು, ಹುಲ್ಲು, ಸೌದೆಯ ಹಕ್ಕುಗಳು ಕೇವಲ ಅಡಚಣೆಯಾಗಿ ತೋರುತ್ತವೆ.

ಹಾಗೆಂದು ಈ ಚಿತ್ರಗಳನ್ನು ತಿರಸ್ಕರಿಸುವುದು ದೊಡ್ಡ ಅವಿವೇಕ. ತೆಗೆದವನ ಉದ್ದೇಶವನ್ನು ಮೀರಿ ಅವು ಸಾಕ್ಷಿಗಳಾಗಿವೆ. 1866ರಲ್ಲಿ ಬೋರ್ನ್ ಗೋಮುಖದ ಹಿಮನದಿಯನ್ನು ಚಿತ್ರಿಸಿದ್ದು ಗಂಗೆಯ ಉಗಮದ ಭವ್ಯತೆಗಾಗಿ. 1935ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೆ.ಬಿ. ಆಡೆನ್ ಆ ಹಿಮನದಿಯ ಮುಖವನ್ನು ನಕ್ಷೆಗೆ ಇಳಿಸಿದರು. ಅಂದಿನಿಂದೀಚೆಗೆ ಅದು ಒಂದು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಅಳತೆಪಟ್ಟಿ ಬರುವ ಮೊದಲಿನ ಎಪ್ಪತ್ತು ವರ್ಷಗಳ ಹಿಂದಿನ ಸ್ಥಿತಿಗೆ ಒಂದು ಗಾಜಿನ ಫಲಕ ಸಾಕ್ಷಿ ನುಡಿಯುತ್ತದೆ. ಕಾಡಿನ ಅಂಚು ಎಲ್ಲಿತ್ತು, ಹೊಲ ಎಲ್ಲಿಯವರೆಗೆ ಹಬ್ಬಿತ್ತು, ಯಾವ ಇಳಿಜಾರು ಬೋಳಾಗಿತ್ತು ಎಂಬುದಕ್ಕೂ ಇಂಥ ಚಿತ್ರಗಳಷ್ಟು ನಿಷ್ಪಕ್ಷಪಾತ ದಾಖಲೆ ಅಪರೂಪ. ಆದರೆ ದಾಖಲೆಯನ್ನು ಉಳಿಸಿಕೊಳ್ಳುವ ಎಚ್ಚರ ಎಲ್ಲ ಕಾಲಕ್ಕೂ ಇರಲಿಲ್ಲ. ಕೋಲ್ಕತ್ತದ ಬೋರ್ನ್ ಅಂಡ್ ಶೆಫರ್ಡ್ ಮಳಿಗೆಯಲ್ಲಿ 1991ರಲ್ಲಿ ಬೆಂಕಿ ಬಿದ್ದು ಸಂಗ್ರಹದ ಬಹುಪಾಲು ಹಾಳಾಯಿತು. 2016ರಲ್ಲಿ ಆ ಸಂಸ್ಥೆಯೇ ಮುಚ್ಚಿತು.

ತೆಹ್ರಿಯ ಕಾಡಿಗೂ ಸಹ್ಯಾದ್ರಿಯ ಕಾಡಿಗೂ ನಂಟು ದೂರದ್ದಲ್ಲ. ತೆಹ್ರಿಯವರಾದ ಸುಂದರಲಾಲ್ ಬಹುಗುಣ ಚಿಪ್ಕೋದ ಮಾತನ್ನು ಉತ್ತರ ಕನ್ನಡಕ್ಕೆ ತಂದರು. 1983ರ ಸೆಪ್ಟೆಂಬರಿನಲ್ಲಿ ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೊಂಡದ್ದು ರಮ್ಯದೃಶ್ಯವನ್ನಲ್ಲ, ಸೊಪ್ಪಿನಬೆಟ್ಟಕ್ಕೂ ತೋಟಕ್ಕೂ ನೀರಿಗೂ ಆಧಾರವಾದ ಕಾಡನ್ನು. ಆ ವ್ಯತ್ಯಾಸ ಚಿತ್ರದಲ್ಲಿಯೂ ಕಾಣಬೇಕು.

ಇಂದು ಕ್ಯಾಮೆರಾ ಹೊರಲು ನಲವತ್ತು ಆಳು ಬೇಡ. ಪ್ರತಿ ಮನೆಯ ಕೈಫೋನಿನಲ್ಲಿ ಅದಿದೆ. ಆದರೆ ಕೈ ಬದಲಾದರೂ ಕಣ್ಣು ಬದಲಾಗಿಲ್ಲ. ಮಲೆನಾಡಿನ ಹುಡುಗರು ತೆಗೆಯುವ ಚಿತ್ರದಲ್ಲಿಯೂ ಜಲಪಾತವಿದೆ, ಅಡಿಕೆ ಸುಲಿಯುವ ಅಜ್ಜಿಯಿಲ್ಲ. ಮಂಜಿದೆ, ಧರೆ ಕುಸಿದ ಗುಡ್ಡವಿಲ್ಲ. ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಊರಿನ ಒಂದು ಬಂಡೆಯನ್ನೋ ದೇವಸ್ಥಾನದ ಕಟ್ಟೆಯನ್ನೋ ಗುರುತು ಮಾಡಿಕೊಂಡು, ಅದೇ ಜಾಗದಲ್ಲಿ ನಿಂತು, ಅದೇ ದಿಕ್ಕಿಗೆ, ಪ್ರತಿ ವರ್ಷ ಮಳೆಗಾಲದ ಮೊದಲು ಮತ್ತು ಅನಂತರ ಒಂದೊಂದು ಚಿತ್ರ ತೆಗೆದು, ದಿನಾಂಕ ಹಾಗೂ ಸ್ಥಳದ ಹೆಸರು ಬರೆದಿಡಲಿ. ಹಿರಿಯರ ಪೆಟ್ಟಿಗೆಯಲ್ಲಿರುವ ಹಳೆಯ ಮದುವೆ ಚಿತ್ರಗಳ ಹಿನ್ನೆಲೆಯಲ್ಲಿ ಯಾವ ಗುಡ್ಡ, ಯಾವ ಮರ ಕಾಣುತ್ತದೆಂದು ಕೇಳಿ ದಾಖಲಿಸಲಿ. ಹತ್ತು ವರ್ಷದ ಬಳಿಕ ಗಣಿಯ ಅಥವಾ ರಸ್ತೆಯ ಕಡತದಲ್ಲಿ ಇಲ್ಲಿ ಕಾಡೇ ಇರಲಿಲ್ಲ ಎಂಬ ಷರಾ ಬಂದಾಗ, ಆ ಚಿತ್ರಗಳು ಉತ್ತರ ಹೇಳುತ್ತವೆ.